ತುಂಗೆಯ ಕೆಲಸ ಶುರುವಾಗುವುದು ಚರಂಡಿಯ ಬಾಯಲ್ಲಿ

ಶಿವಮೊಗ್ಗದಲ್ಲಿ ಹೊಳೆ ಸ್ವಚ್ಛತೆ ಎಂದರೆ ಭಾನುವಾರ ದಡದ ಪ್ಲಾಸ್ಟಿಕ್ ಹೆಕ್ಕುವುದು ಎಂದಾಗಿದೆ. ಹೆಕ್ಕಲಿ, ಬೇಡ ಎನ್ನುವುದಿಲ್ಲ. ಆದರೆ ತುಂಗೆಯನ್ನು ಹೆಚ್ಚು ಕೆಡಿಸುವುದು ರಾಜಕಾಲುವೆಗಳಲ್ಲಿ ಇಳಿದು ಬರುವ ಬಚ್ಚಲು, ಶೌಚದ ನೀರು. ಕೈಹಾಕುವ ಗುಂಪು ಮೊದಲು ಚರಂಡಿಗಳು ಹೊಳೆ ಸೇರುವ ಬಾಯಿಗಳನ್ನು ಗುರುತಿಸಿ ನಕ್ಷೆ ಮಾಡಿಕೊಳ್ಳಬೇಕು.

ಅದಕ್ಕೆ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಮಳೆನೀರಿನ ಚರಂಡಿ ಆಗಲೂ ಹರಿಯುತ್ತಿದ್ದರೆ ಅದಕ್ಕೆ ಬೇರೇನೋ ಸೇರಿದೆ ಎಂದೇ ಅರ್ಥ. ನೀರು ಧುಮುಕುವಲ್ಲಿ 10 ಲೀಟರ್ ಬಕೆಟ್ ಹಿಡಿದು ಸೆಕೆಂಡು ಎಣಿಸಿ. 5 ಸೆಕೆಂಡಿಗೆ ತುಂಬಿದರೆ ದಿನಕ್ಕೆ ಸುಮಾರು 1.73 ಲಕ್ಷ ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರ್ ಬಳಕೆ, ಅದರಲ್ಲಿ ಶೇ. 80ರಷ್ಟು ಕೊಳಚೆ ಎಂಬುದು ಎಂಜಿನಿಯರುಗಳ ವಾಡಿಕೆ ಲೆಕ್ಕ. ಆ ಒಂದು ಬಾಯಿಂದಲೇ 1,600 ಜನರ ಕೊಳಚೆ ಬಂದಂತಾಯಿತು. ಒಂದು ಅಳತೆ ಸಾಲದು. ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ, ನಸುಕಿನ 3ಕ್ಕೆ ನೋಡಿ. ಬೆಳಿಗ್ಗೆ ಏರಿ ನಸುಕಿನಲ್ಲಿ ಇಳಿದರೆ ಮನೆಗಳ ನೀರು. ಮೂರು ಹೊತ್ತೂ ಒಂದೇ ಸಮನಾಗಿ ತಿಳಿಯಾಗಿದ್ದರೆ ಒಡೆದ ನಲ್ಲಿ ಪೈಪೋ ಒರತೆಯೋ ಇರಬಹುದು.

ಆಮೇಲೆ ಚರಂಡಿಗುಂಟ ಮೇಲಕ್ಕೆ ನಡೆಯಬೇಕು. ಬೀದಿಯಲ್ಲಿ ಒಳಚರಂಡಿ ಇದ್ದೂ ಮನೆಯವರು ಸಂಪರ್ಕ ಪಡೆಯದಿರುವುದು ಒಂದು ಬಗೆ. ಕರೆಂಟು ಹೋದಾಗ ಕೊಳಚೆ ಮೇಲೆತ್ತುವ ಪಂಪು ನಿಂತು, ಅದು ಕೂಡುವ ಬಾವಿ ಉಕ್ಕುವುದು ಇನ್ನೊಂದು. ಮೊದಲನೆಯದಕ್ಕೆ ಮನೆಮನೆ ಸುತ್ತಬೇಕು, ಎರಡನೆಯದಕ್ಕೆ ಜನರೇಟರ್ ಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಯಾರೂ ಓದುವುದಿಲ್ಲ. ಮ್ಯಾನ್‌ಹೋಲ್‌ಗೆ ಮಾತ್ರ ಯಾರನ್ನೂ ಇಳಿಸಬೇಡಿ: ಜೀವಕ್ಕೆ ಅಪಾಯ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ ಕೂಡ. ಕೊಳಚೆಯಲ್ಲಿ ನಿಲ್ಲುವವರಿಗೆ ಗಂಬೂಟು, ಕೈಗವಸು ಕಡ್ಡಾಯ. ಮಲೆನಾಡಿನಲ್ಲಿ ಇಲಿಜ್ವರ ಹೊಸದೇನಲ್ಲ.

ನೀರಿನ ಮಾದರಿಯನ್ನು ಚರಂಡಿ ಬಾಯಲ್ಲೇ ತುಂಬಿದರೆ ಹೊಳೆಯ ಸ್ಥಿತಿ ತಿಳಿಯದು. ಬಾಯಿಗಿಂತ ಮೇಲೊಂದು, ನೀರು ಚೆನ್ನಾಗಿ ಬೆರೆತ ಮೇಲೆ ಕೆಳಗೊಂದು ತೆಗೆಯಿರಿ. ಸ್ನಾನಯೋಗ್ಯ ನೀರಿಗೆ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿ.ಗ್ರಾಂ., ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) 3 ಮಿ.ಗ್ರಾಂ. ಮೀರಬಾರದು. ಮೇಲಿನ ಗಾಜನೂರು ಅಣೆಕಟ್ಟೆಯಿಂದ ಹೊಳೆಗೆ ಬಿಡುವ ನೀರು ಬೇಸಿಗೆಯಲ್ಲಿ ಕಡಿಮೆಯಾದಾಗ ಅದೇ ಕೊಳಚೆ ಹೆಚ್ಚು ಕೆಡುಕು ಮಾಡುತ್ತದೆ. ಮಳೆಗಾಲದ ಒಳ್ಳೆಯ ವರದಿ ತೋರಿಸಿ ಬೀಗುವುದರಲ್ಲಿ ಹುರುಳಿಲ್ಲ.

ಕಸ ತಡೆಯುವ ತೇಲುಬಲೆಯನ್ನು ನೆಟ್ಟಗೆ ಅಡ್ಡ ಕಟ್ಟಿದರೆ ಕಸ ನಡುವೆ ಒತ್ತಿಕೊಂಡು ಅಡಿಯಿಂದ ನುಸುಳುತ್ತದೆ. 45 ಡಿಗ್ರಿ ಓರೆಯಾಗಿ ಕಟ್ಟಿ. ಕಸ ತಾನಾಗಿ ದಡಕ್ಕೆ ಸರಿಯುತ್ತದೆ, ಅಲ್ಲೇ ಎತ್ತಬಹುದು. ಜೂನ್ ಮೊದಲ ವಾರ ಬಿಚ್ಚಿಡಿ, ಇಲ್ಲದಿದ್ದರೆ ಮೊದಲ ಜಡಿಮಳೆಗೆ ನೀರು ತಗ್ಗಿನ ಮನೆಗಳಿಗೆ ನುಗ್ಗೀತು.

ದಡಕ್ಕೆ ಜೆಸಿಬಿ ಬಿಟ್ಟು ಪೊದೆ ಕೆರೆಸುವುದು ಚಂದಕ್ಕಾಗಿ ಮಾಡುವ ಹಾನಿ. ಮಣ್ಣು ಹಿಡಿದಿದ್ದ ಬೇರೇ ಹೋಗುತ್ತದೆ. ಮೇಲ್ದಂಡೆಗೆ ಹೊಳೆಮತ್ತಿ, ಹೊಂಗೆಯನ್ನು ಜೂನ್‌ನಲ್ಲೇ ನೆಡಿ. ಕೆಳದಂಡೆಯಲ್ಲಿ ಆಗ ನೆಟ್ಟದ್ದು ನೆರೆಗೆ ಕೊಚ್ಚಿಹೋಗುತ್ತದೆ. ಅಲ್ಲಿಗೆ ನೀರಿಳಿದ ಮೇಲೆ, ಅಕ್ಟೋಬರ್‌ನಲ್ಲಿ, ಲಾವಂಚದ ಬುಡಗಳನ್ನು 15 ಸೆಂ.ಮೀ. ಅಂತರದಲ್ಲಿ ದಡದುದ್ದಕ್ಕೂ ಸಾಲಾಗಿ ಊರಿ. ಹೊಳೆದಡದ ನೀರಂಜಿ ಮರವಾದರೆ ಹೆಬ್ಬೆರಳು ದಪ್ಪದ ಹಸಿ ಗೂಟ ಸಾಕು, ಮೂರರಲ್ಲಿ ಎರಡು ಪಾಲು ಮಣ್ಣೊಳಗಿರಲಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ನೀರುಣಿಸಬೇಕು, ದನ ಬಾಯಿಹಾಕದಂತೆ ಮುಳ್ಳುಬೇಲಿಯೂ ಬೇಕು.