ಮೂರು ಬಟ್ಟಲು, ಎಂಟು ಗ್ರಾಂ ಎಲೆ: ಪರದೆಯಲ್ಲಿ ಕಲಿಯುವ ಗೊಂಗ್‌ಫು ಚಹಾ

ಚೀನಾದ ಚಹಾ ವಿಧಿಯನ್ನು ವಿಡಿಯೋ ನೋಡಿ ಕಲಿಯಲು ಕೂತವರಿಗೆ ಕಾಣುವುದು ಕೈ ಮಾತ್ರ. ಎತ್ತರದಿಂದ ನೀರು ಸುರಿಯುವ ಕೈ, ಮುಚ್ಚಳದಿಂದ ನೊರೆ ಸವರುವ ಕೈ, ಪುಟ್ಟ ಬಟ್ಟಲುಗಳ ಮೇಲೆ ಸುತ್ತು ಹಾಕುವ ಕೈ. ಎಲೆ ಎಷ್ಟು ತೂಕವಿತ್ತು, ನೀರು ಎಷ್ಟು ಬಿಸಿಯಿತ್ತು, ಎಷ್ಟು ಸೆಕೆಂಡಿಗೆ ಬಗ್ಗಿಸಿದರು ಎಂಬುದು ತಿಳಿಯುವುದಿಲ್ಲ. ಹಾಗಾಗಿ ಕೈಯನ್ನಷ್ಟೇ ಅನುಕರಿಸಿದವರ ಬಟ್ಟಲಿಗೆ ಒಂದೋ ಕಹಿ ಕಷಾಯ ಬೀಳುತ್ತದೆ, ಇಲ್ಲವೇ ಬಣ್ಣದ ನೀರು. ಆ ಚಲನೆಗಳಲ್ಲಿ ಹೆಚ್ಚಿನವಕ್ಕೆ ಭೌತಶಾಸ್ತ್ರದ ಅಥವಾ ರಸಾಯನಶಾಸ್ತ್ರದ ಕಾರಣವಿದೆ. ಕಾರಣ ಗೊತ್ತಾದರೆ ಕೈ ತಾನಾಗಿ ಹದಕ್ಕೆ ಬರುತ್ತದೆ.

ಈ ಪದ್ಧತಿಯ ತವರು ಗುವಾಂಗ್‌ಡಾಂಗ್ ಪ್ರಾಂತ್ಯದ ಚಾವೋಝೌ ಸೀಮೆ. ಗೊಂಗ್‌ಫು ಎಂದರೆ ಸಮಯ, ಶ್ರಮ ಕೊಟ್ಟು ಪಳಗಿಸಿಕೊಂಡ ಕೈ. ಕುಂಗ್‌ಫು ಎಂದು ನಾವು ಕೇಳುವುದೂ ಇದೇ ಮಾತು. ಚೀನಾ ಇದನ್ನು 2008ರಲ್ಲಿ ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆ ಮತ್ತು ಅದರ ಸುತ್ತಲಿನ ಆಚರಣೆಗಳು 2022ರಲ್ಲಿ ಯುನೆಸ್ಕೊ ಪಟ್ಟಿಗೂ ಬಂದವು. ಚೀನಾದ ಬಹುಭಾಗದಲ್ಲಿ ಈ ಪೇಯಕ್ಕೆ 'ಚಾ' ಎಂದರೆ, ಚಾವೋಝೌ ಮತ್ತು ಪಕ್ಕದ ದಕ್ಷಿಣ ಫುಜಿಯಾನಿನ ಆಡುಮಾತಿನಲ್ಲಿ 'ತೇ' ಎನ್ನುತ್ತಾರೆ. ಈ 'ತೇ' ಡಚ್ ವರ್ತಕರ ಜೊತೆ ಯುರೋಪಿಗೆ ಹೋಯಿತು. ಕನ್ನಡದಲ್ಲಿ ಎರಡೂ ನೆಲೆಯೂರಿವೆ: ಒಂದು ಬೇರಿನಿಂದ ಚಹಾ, ಇನ್ನೊಂದರಿಂದ ಟೀ.

ಮೊದಲು ಎಲೆಯ ಮಾತು. ಹಸಿರು, ಬಿಳಿ, ಊಲಾಂಗ್, ಕಪ್ಪು, ಪುಅರ್, ಎಲ್ಲವೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಸಸ್ಯದಿಂದ ಬರುತ್ತವೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದಕ್ಕೆ ಕಾರಣವಾದ ಬಗೆಯ ಕಿಣ್ವವೇ ಚಹಾ ಎಲೆಯಲ್ಲೂ ಕೆಲಸ ಮಾಡುತ್ತದೆ. ಕಿತ್ತ ಎಲೆಗೆ ಬೇಗನೆ ಶಾಖ ಕೊಟ್ಟು ಕಿಣ್ವವನ್ನು ತಡೆದರೆ ಹಸಿರು ಚಹಾ, ಪೂರ್ತಿ ಬಿಟ್ಟರೆ ಕಪ್ಪು ಚಹಾ, ಅಂಚನ್ನಷ್ಟೇ ನಲುಗಿಸಿ ನಡುವೆ ನಿಲ್ಲಿಸಿದರೆ ಊಲಾಂಗ್. ಚಾವೋಝೌ ಜನರ ಬಟ್ಟಲಿಗೆ ಬರುವುದು ಹೆಚ್ಚಾಗಿ ಫೆಂಗ್‌ಹ್ವಾಂಗ್ ಬೆಟ್ಟದ ದಾನ್‌ತ್ಸೊಂಗ್ ಊಲಾಂಗ್, ಉದ್ದುದ್ದ ಹುರಿಗೊಳಿಸಿದ ಇಡೀ ಎಲೆ. ನಮ್ಮ ಅಡುಗೆಮನೆಯ ಸಿಟಿಸಿ ಪುಡಿಯಿಂದ ಇದನ್ನು ಮಾಡಲು ಹೋಗಬೇಡಿ. ಸಿಟಿಸಿಯಲ್ಲಿ ಎಲೆಯನ್ನು ಅರೆದು ಹರಿದು ಸುರುಳಿ ಮಾಡಿರುವುದರಿಂದ ಜೀವಕೋಶಗಳು ಒಡೆದಿರುತ್ತವೆ. ಹಾಲು ಹಾಕಿ ಕುದಿಸಲು ಅದು ಸರಿ. ಇಲ್ಲಿ ಮಾತ್ರ ಮೊದಲ ಸುತ್ತಿಗೇ ಸಾರವೆಲ್ಲ ಇಳಿದು, ಮೂರನೆಯದಕ್ಕೆ ಏನೂ ಉಳಿಯದು.

ಪಾತ್ರೆಯಾಗಿ ಗೈವಾನ್ ಸಾಕು: ತಟ್ಟೆ, ಬಟ್ಟಲು, ಮುಚ್ಚಳ, ಮೂರೇ ಭಾಗ. 100ರಿಂದ 110 ಮಿಲಿಲೀಟರಿನದಕ್ಕೆ 7ರಿಂದ 8 ಗ್ರಾಂ ಎಲೆ. ಚಮಚದ ಲೆಕ್ಕ ಕೈಕೊಡುತ್ತದೆ. ಹುರಿಯಾದ ದಾನ್‌ತ್ಸೊಂಗ್ ಸಡಿಲವಾಗಿ ಜಾಗ ತುಂಬುತ್ತದೆ, ಉಂಡೆಯಾದ ತಿಯೆಗ್ವಾನ್‌ಯಿನ್ ಎಂಬ ಇನ್ನೊಂದು ಊಲಾಂಗ್ ಅದೇ ಚಮಚದಲ್ಲಿ ಎಷ್ಟೋ ಹೆಚ್ಚು ತೂಗುತ್ತದೆ. 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿಯೊಂದನ್ನು ಇಟ್ಟುಕೊಳ್ಳುವುದು ಬೆಲೆಬಾಳುವ ಹೂಜಿ ಕೊಳ್ಳುವುದಕ್ಕಿಂತ ಎಷ್ಟೋ ಮುಖ್ಯ.

ಮೊದಲ ನೀರು 5 ಸೆಕೆಂಡು ಎಲೆ ನೆನೆಸಲು, ಅದನ್ನು ಚೆಲ್ಲುತ್ತಾರೆ. (ಇದರಿಂದ ಕೆಫೀನೆಲ್ಲ ಹೋಗುತ್ತದೆ ಎಂಬ ಮಾತು ಸುಳ್ಳು, ಹೋಗುವುದು ಸ್ವಲ್ಪವೇ.) ಆಮೇಲಿನ ಎರಡು ಸುತ್ತಿಗೆ ತಲಾ 10 ಸೆಕೆಂಡು, ಮೂರನೆಯದಕ್ಕೆ 15, ಮುಂದೆ ಪ್ರತಿ ಸುತ್ತಿಗೂ 5ರಿಂದ 10 ಸೆಕೆಂಡು ಹೆಚ್ಚಿಸುತ್ತ ಹೋಗುವುದು. ಒಳ್ಳೆಯ ಎಲೆ 8 ಸುತ್ತು ನಿಲ್ಲುತ್ತದೆ. ಇಷ್ಟು ಎಲೆಗೆ ಇಷ್ಟೇ ಹೊತ್ತು ಏಕೆ? ರುಚಿಗೆ ಮಾಧುರ್ಯ ಕೊಡುವ ಥಿಯನಿನ್‌ನಂಥ ಅಮೈನೋ ಆಮ್ಲಗಳು ನೀರಿಗೆ ಬೇಗ ಇಳಿಯುತ್ತವೆ. ಒಗರಿನ ಕ್ಯಾಟೆಕಿನ್‌ಗಳು ಹಿಂದೆ ಬೀಳುತ್ತವೆ. ಹೊತ್ತು ಮೀರಿದಷ್ಟೂ ಒಗರು ಮೇಲುಗೈ ಪಡೆಯುತ್ತದೆ. ಮೂರು ನಿಮಿಷ ಬಿಟ್ಟರೆ 8 ಗ್ರಾಂ ಎಲೆಯ ಚಹಾ ನಾಲಿಗೆ ಹಿಡಿಯುವಂತಾಗುತ್ತದೆ. ಎಳೆ ಚಿಗುರಿನ ಹಸಿರು ಚಹಾಕ್ಕೆ 80 ಡಿಗ್ರಿ ನೀರು ಹೇಳುವುದೂ ಕ್ಯಾಟೆಕಿನ್ ಇಳಿಯುವುದನ್ನು ತಗ್ಗಿಸಲೆಂದೇ. ಬೆಂಕಿಯಲ್ಲಿ ಹದಗೊಂಡ ಊಲಾಂಗಿಗೆ ಆ ತಾಪ ಸಾಲದು, ಎಲೆ ಬಿಚ್ಚಿ ಪರಿಮಳ ಏಳಲು ಕುದಿನೀರೇ ಬೇಕು.

ಕುದಿಯನ್ನು ಗುರುತಿಸುವುದನ್ನು 8ನೇ ಶತಮಾನದಲ್ಲೇ ಚೀನಾದ ಚಹಾ ಗ್ರಂಥಕಾರ ಲು ಯೂ ಬರೆದಿಟ್ಟಿದ್ದಾನೆ: ಮೀನಿನ ಕಣ್ಣಿನಂಥ ಗುಳ್ಳೆ ಮತ್ತು ಸಣ್ಣ ಸದ್ದು, ಅಂಚಿನಲ್ಲಿ ಪೋಣಿಸಿದ ಮುತ್ತು, ಕೊನೆಗೆ ಉಕ್ಕುವ ಅಲೆ. ಆತನ ಕಾಲದಲ್ಲಿ ಚಹಾವನ್ನು ಪುಡಿ ಮಾಡಿ ಉಪ್ಪು ಹಾಕಿ ಕುದಿಸುತ್ತಿದ್ದರು, ಆದರೂ ಗುರುತು ಇಂದಿಗೂ ಸರಿ. ತಳದಲ್ಲಿ ಹುಟ್ಟಿದ ಆವಿಗುಳ್ಳೆ ಮೇಲಿನ ತಣ್ಣನೆ ನೀರು ತಾಗಿ ಕುಸಿದಾಗ ಸದ್ದಾಗುತ್ತದೆ. ನೀರೆಲ್ಲ ಸಮನಾಗಿ ಕಾದ ಮೇಲೆ ಗುಳ್ಳೆ ಕುಸಿಯದೆ ಮೇಲೇರುವುದರಿಂದ ಸದ್ದು ಮೆತ್ತಗಾಗುತ್ತದೆ. ಕೆಟಲಿನ ಗೊರಗೊರ ತಗ್ಗಿತೆಂದರೆ ನೀರು ಸಿದ್ಧ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ, ಅಲ್ಲಿಯವರು ಊಲಾಂಗಿಗೆ ಆರಲು ಬಿಡುವಂತೆಯೇ ಇಲ್ಲ. ತಣ್ಣನೆಯ ಪಿಂಗಾಣಿಗೆ ಸುರಿದರೆ ಮತ್ತೆ 10 ಡಿಗ್ರಿಗೂ ಹೆಚ್ಚು ಇಳಿಯಬಹುದು. ಗೈವಾನ್ ಮತ್ತು ಬಟ್ಟಲುಗಳನ್ನು ಮೊದಲು ಕುದಿನೀರಿನಿಂದ ತೊಳೆಯುವುದು ಇದಕ್ಕೇ. ಇನ್ನು ಗಡಸು ಬೋರ್‌ವೆಲ್ ನೀರು ಬೇಡವೇ ಬೇಡ. ಅದರ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಚಹಾದ ಕ್ಯಾಟೆಕಿನ್‌ನಂಥ ಪಾಲಿಫಿನಾಲ್‌ಗಳ ಜೊತೆ ಸೇರಿ ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ.

ಇನ್ನು ಸುರಿಯುವ ಕಲೆ. ಎಲೆಗೆ ನೀರನ್ನು ಎತ್ತರದಿಂದ ಸುರಿಯಬೇಕು, ಧಾರೆಯ ರಭಸಕ್ಕೆ ಎಲೆ ಹೊರಳಿ ಎಲ್ಲ ಕಡೆ ನೆನೆಯಲಿ ಎಂದು. ಆಗ ಏಳುವ ನೊರೆಯನ್ನು ಮುಚ್ಚಳದಿಂದ ಸವರಿ ತೆಗೆಯುತ್ತಾರೆ. ನೊರೆ ಏಳಲು ಮುಖ್ಯ ಕಾರಣ ಎಲೆಯಲ್ಲಿರುವ ಸಪೋನಿನ್, ನಮ್ಮ ಅಂಟುವಾಳದಲ್ಲಿ ನೊರೆ ಬರಿಸುವ ವಸ್ತುವಿನ ಬಳಗದ್ದು. ಬಟ್ಟಲಿಗೆ ಬಗ್ಗಿಸುವಾಗ ಮಾತ್ರ ಕೈ ತಗ್ಗಿರಬೇಕು, ಎತ್ತರವಾದರೆ ಬಿಸಿಯೂ ಪರಿಮಳವೂ ಗಾಳಿಗೆ ಹೋಗುತ್ತವೆ.

ಬಟ್ಟಲು ಮೂರೇ, ಒತ್ತಾಗಿ ಇಟ್ಟಿರುತ್ತಾರೆ. ಒಂದನ್ನು ತುಂಬಿಸಿ ಇನ್ನೊಂದಕ್ಕೆ ಹೋಗುವಂತಿಲ್ಲ. ಬಗ್ಗಿಸುವ ಆ ಕೆಲವೇ ಸೆಕೆಂಡುಗಳಲ್ಲೂ ಎಲೆ ಸಾರ ಬಿಡುತ್ತಿರುತ್ತದೆ, ಅಲ್ಲದೆ ತಳದಲ್ಲಿ ಎಲೆಯ ನಡುವೆ ನಿಂತ ದ್ರವ ಮೇಲಿನದಕ್ಕಿಂತ ಗಟ್ಟಿ. ಮೂರರ ಮೇಲೂ ಸುತ್ತುತ್ತ ಸ್ವಲ್ಪ ಸ್ವಲ್ಪವೇ ಹಾಕುವುದಕ್ಕೆ 'ಗ್ವಾನ್ ಯೂ ಕೋಟೆ ಸುತ್ತುವುದು' ಎಂದು ಹೆಸರು. ಕೊನೆಯ ಹನಿಗಳನ್ನು ಒಂದೊಂದಾಗಿ ಹಂಚುವುದು 'ಹಾನ್ ಶಿನ್ ಸೇನೆ ಎಣಿಸುವುದು'. ಇಬ್ಬರೂ ಚೀನಾದ ಹಳೆಯ ಸೇನಾಪತಿಗಳು. ಕೊನೆಯ ಹನಿಗಳು ಎಲ್ಲಕ್ಕಿಂತ ಗಾಢ. ಅವನ್ನು ಪಾತ್ರೆಯಲ್ಲೇ ಬಿಟ್ಟರೆ ಎಲೆ ಅದರಲ್ಲೇ ನೆನೆಯುತ್ತ ಮುಂದಿನ ಸುತ್ತು ಕಹಿಯಾಗುತ್ತದೆ. ಹೊಸಬರ ಚಹಾ ಎರಡನೇ ಸುತ್ತಿಗೆ ಕೆಡುವುದು ಬಹಳ ಮಟ್ಟಿಗೆ ಇಲ್ಲೇ. ಬೆರಳು ಸುಟ್ಟುಕೊಳ್ಳುವವರು ಗೈವಾನನ್ನು ಅಂಚಿನವರೆಗೆ ತುಂಬಿರುತ್ತಾರೆ. ಮುಚ್ಚಳ ಕೂರುವ ಗೆರೆಗಿಂತ ಕೆಳಗೇ ನೀರು ನಿಲ್ಲಿಸಿ, ಹೊರಚಾಚಿದ ಅಂಚನ್ನು ಹಿಡಿದರೆ ಅಷ್ಟು ಸುಡುವುದಿಲ್ಲ.

ಪರದೆಯ ಆಚೆ ಇರುವವರಿಗೆ ಕಲಿಸುವಾಗ ರುಚಿ ತಲುಪಿಸಲಾಗದು. ಹೋಲಿಕೆಯನ್ನು ತಲುಪಿಸಬಹುದು. ಒಂದೇ ಎಲೆಯನ್ನು 8 ಗ್ರಾಮಿನ ಪೊಟ್ಟಣಗಳಾಗಿ ಮೊದಲೇ ಕಳಿಸಿ, ಎಲ್ಲರೂ ಒಟ್ಟಿಗೆ ನೀರು ಹಾಕಿ, ಒಬ್ಬರೇ ಸೆಕೆಂಡು ಎಣಿಸಬೇಕು. ಒಂದು ಸಲ ಬೇಕೆಂದೇ ತಪ್ಪಾಗಿ, ಬಟ್ಟಲುಗಳನ್ನು ಸಾಲಾಗಿ ಒಂದರ ನಂತರ ಒಂದು ತುಂಬಿಸಿ. ಮರು ಸುತ್ತಿನಲ್ಲಿ ಸುತ್ತುತ್ತ ತುಂಬಿಸಿ. ಬಿಳಿ ಹಾಳೆಯ ಮೇಲಿಟ್ಟು ಕ್ಯಾಮೆರಾಕ್ಕೆ ತೋರಿಸಿ. ಕ್ಯಾಮೆರಾಗಳು ಬಣ್ಣವನ್ನು ತಾವೇ ತಿದ್ದುವುದರಿಂದ ಒಬ್ಬರ ಬಟ್ಟಲನ್ನು ಇನ್ನೊಬ್ಬರದಕ್ಕೆ ಹೋಲಿಸಬಾರದು, ಒಂದೇ ಚಿತ್ರದೊಳಗಿನ ಮೂರನ್ನು ಹೋಲಿಸಬೇಕು. ಮೊದಲ ಸಲ ಮೂರನೇ ಬಟ್ಟಲು ಕಪ್ಪಗೆ ಕಾಣುತ್ತದೆ, ಎರಡನೇ ಸಲ ಮೂರೂ ಒಂದೇ ಬಣ್ಣ. ಪಾಠದ ಕೊನೆಗೆ ನೆಂದು ಬಿಚ್ಚಿಕೊಂಡ ಎಲೆಯೊಂದನ್ನು ಅದೇ ಹಾಳೆಯ ಮೇಲೆ ಹರಡಲು ಹೇಳಿ: ನಡುವೆ ಹಸಿರು, ಅಂಚಿನುದ್ದಕ್ಕೂ ಕೆಂಪು. ಬೆಟ್ಟದ ಮೇಲೆ ಎಲೆಯನ್ನು ನಲುಗಿಸಿದ ಕೈಯ ಗುರುತು ಅದು.