ಏಳನೇ ಕ್ಲಾಸಿನ ಮಗಳಿಗೆ ಎಚ್‌ಪಿವಿ ಲಸಿಕೆ ಯಾಕೆ?

ಎಚ್‌ಪಿವಿ ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ವೈರಸ್. ಅದರ ಲಸಿಕೆಯ ಮಾತು ಬಂದರೆ ಅಮ್ಮಂದಿರು ಮೊದಲು ಕೇಳುವುದು ಜ್ವರ ಬರುತ್ತಾ, ಕೈ ನೋಯುತ್ತಾ ಅಂತ ಅಲ್ಲ. ಮಗಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸುತ್ತಾರೆ. "ಮೇಡಂ, ಅವಳಿನ್ನೂ ಏಳನೇ ಕ್ಲಾಸು. ಅವಳಿಗೆ ಯಾಕೆ ಇದೆಲ್ಲ?"

ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಅಂತ ಅವರು ಎಲ್ಲೋ ಓದಿರುತ್ತಾರೆ. ಮಗಳಿಗೆ ಕೊಡಿಸಿದ್ದು ಗೊತ್ತಾದರೆ ನಾಲ್ಕು ಜನ ಏನಂದುಕೊಂಡಾರು ಎಂಬ ಅಳುಕು. ಇಲ್ಲಿ ಡಾಕ್ಟರು ಮಾತು ತೇಲಿಸಿದರೆ "ಮನೇಲಿ ಕೇಳಿ ಹೇಳ್ತೀನಿ" ಅಂತ ಎದ್ದು ಹೋಗುತ್ತಾರೆ. ಹಾಗೆ ಹೋದವರು ತಿರುಗಿ ಬರುವುದು ಕಡಿಮೆ.

ಅದಕ್ಕೇ ನಾನು ಬಿಡಿಸಿ ಹೇಳುತ್ತೇನೆ. ಎಚ್‌ಪಿವಿ ಬಹುಪಾಲು ಜನಕ್ಕೆ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ. ಒಬ್ಬನೇ ಗಂಡನ ಜೊತೆ ಸಂಸಾರ ಮಾಡಿದವರಿಗೂ ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತದೆ. ಕೆಲವರಲ್ಲಿ ಗರ್ಭಕೋಶದ ಬಾಯಲ್ಲಿ ಉಳಿದುಕೊಂಡು, 15-20 ವರ್ಷದಲ್ಲಿ ಕ್ಯಾನ್ಸರ್ ಆಗುತ್ತದೆ. ಒಳಗೆ ಸೇರಿಕೊಂಡ ವೈರಸ್ಸನ್ನು ಓಡಿಸಲು ಲಸಿಕೆಗೆ ಆಗುವುದಿಲ್ಲ. ಬರದ ಹಾಗೆ ತಡೆಯುವುದಷ್ಟೇ ಅದರ ಕೆಲಸ. 9ರಿಂದ 14ರ ವಯಸ್ಸಲ್ಲಿ ಕೊಡಿ ಅನ್ನುವುದು ಇದಕ್ಕೆ. ಆ ವಯಸ್ಸಲ್ಲಿ ಮೈ ರೋಗನಿರೋಧಕ ಶಕ್ತಿಯನ್ನೂ ಚೆನ್ನಾಗಿ ಬೆಳೆಸಿಕೊಳ್ಳುತ್ತದೆ. ಮಗಳ ನಡತೆಗೂ ಇದಕ್ಕೂ ಸಂಬಂಧವೇ ಇಲ್ಲ. ಹೆಪಟೈಟಿಸ್ ಬಿ ಕೂಡ ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಹರಡುವ ರೋಗವೇ. ಅದರ ಲಸಿಕೆಯನ್ನು ಹುಟ್ಟಿದ ದಿನವೇ ಕೂಸಿಗೆ ಹಾಕಿಸುತ್ತೇವೆ, ಯಾರೂ ತಪ್ಪು ತಿಳಿಯುವುದಿಲ್ಲ ಅಲ್ವಾ?

ಇಷ್ಟು ಹೇಳಿದ ಮೇಲೆ ಎರಡನೇ ಭಯ ಹೊರಬರುತ್ತದೆ. "ಮುಂದೆ ಮಕ್ಕಳಾಗಲ್ವಂತೆ?" ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಈ ಲಸಿಕೆಯಲ್ಲಿರುವುದು ವೈರಸ್ಸಿನ ಹೊರಕವಚದ ಪ್ರೋಟೀನ್ ಮಾತ್ರ, ಒಳಗೆ ವೈರಸ್ ಇರುವುದಿಲ್ಲ. ಇದರಿಂದ ಬಂಜೆತನ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಮಕ್ಕಳಾಗುವ ಅವಕಾಶವನ್ನು ಕಿತ್ತುಕೊಳ್ಳುವುದು ಕ್ಯಾನ್ಸರ್ರೇ. ಗರ್ಭಕೋಶ ತೆಗೆಯಬೇಕಾಗುತ್ತದೆ, ಇಲ್ಲವೇ ರೇಡಿಯೇಷನ್ ಕೊಡಬೇಕಾಗುತ್ತದೆ. ಭಾರತದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು ಎಂಬುದು ಜಾಗತಿಕ ಕ್ಯಾನ್ಸರ್ ಅಂದಾಜು.

ಜನರ ಅನುಮಾನವನ್ನು ಬರೀ ಅಜ್ಞಾನ ಅನ್ನಲು ನನಗೆ ಮನಸ್ಸಿಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ ಹುಡುಗಿಯರಿಗೆ ಈ ಲಸಿಕೆ ಹಾಕುವ ಯೋಜನೆ ನಡೆಯಿತು. ಆ ಹೊತ್ತಿನಲ್ಲಿ ಏಳು ಹುಡುಗಿಯರು ಸತ್ತರು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು. ಆ ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ. ಒಬ್ಬಳು ನೀರಲ್ಲಿ ಮುಳುಗಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು. ಆದರೆ ಇನ್ನೊಂದು ವಿಷಯ ಬಯಲಾಯಿತು. ಎಷ್ಟೋ ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದರು. ಲಸಿಕೆ ಒಳ್ಳೆಯದೇ ಇರಲಿ, ಹೆತ್ತವರನ್ನು ಕೇಳದೆ ಹಾಕಿದ್ದು ತಪ್ಪು. ಆ ತಪ್ಪಿಗೆ ನಮ್ಮ ಹೆಣ್ಣುಮಕ್ಕಳು ವರ್ಷಗಟ್ಟಲೆ ಬೆಲೆ ತೆತ್ತಿದ್ದಾರೆ.

ಅದೇ ಕಾಲಕ್ಕೆ ದೇಶದಲ್ಲಿ ಎರಡು ಡೋಸ್ ಸಾಕೋ ಮೂರು ಬೇಕೋ ಅಂತ ಬೇರೊಂದು ಅಧ್ಯಯನವೂ ನಡೆದಿತ್ತು. 2010ರಲ್ಲಿ ಅದೂ ಅರ್ಧಕ್ಕೇ ನಿಂತಿತು. ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಬಿಡದೆ ಹತ್ತು ವರ್ಷ ಗಮನಿಸುತ್ತಾ ಬಂದರು. ಕ್ಯಾನ್ಸರ್ ತರುವುದರಲ್ಲಿ ಮುಂದಿರುವ 16 ಮತ್ತು 18ನೇ ಬಗೆಯ ಎಚ್‌ಪಿವಿ ಒಳಗೆ ಬೇರೂರದಂತೆ ಒಂದೇ ಡೋಸ್ ಶೇ 95ರಷ್ಟು ತಡೆದಿತ್ತು! ಈ ವಯಸ್ಸಿನವರಿಗೆ ಒಂದು ಡೋಸ್ ಕೂಡ ಸಾಕು ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದಕ್ಕೆ ಸಿಕ್ಕ ಆಧಾರಗಳಲ್ಲಿ ನಮ್ಮ ಈ ಹುಡುಗಿಯರದ್ದೂ ಸೇರಿದೆ. ಇದನ್ನು ಹೇಳುವಾಗೆಲ್ಲ ನನಗೆ ಹೆಮ್ಮೆ.

ಸಿಕ್ಕಿಂ 2018ರಲ್ಲಿ ಬೇರೆ ದಾರಿ ಹಿಡಿಯಿತು. ಮೊದಲು ಶಿಕ್ಷಕರು, ಪೋಷಕರು, ಪತ್ರಕರ್ತರ ಜೊತೆ ಕೂತು ಮಾತಾಡಿದರು. ಆಮೇಲೆ ಶಾಲೆಗಳಲ್ಲಿ ಲಸಿಕೆ ಹಾಕಿದರು. ಲಸಿಕೆ ಹಾಕಬೇಕಿದ್ದ ಹುಡುಗಿಯರಲ್ಲಿ ಶೇ 97ರಷ್ಟು ಮಂದಿ ಹಾಕಿಸಿಕೊಂಡರು.

ದುಡ್ಡಿನ ಮಾತೂ ಇದೆ. ನಮ್ಮ ದೇಶದ್ದೇ ಎಚ್‌ಪಿವಿ ಲಸಿಕೆ ಸೆರ್ವಾವ್ಯಾಕ್ 2023ರಲ್ಲಿ ಬಂದಾಗ ಅದರ ಬೆಲೆ ಡೋಸಿಗೆ ಸುಮಾರು 2,000 ರೂಪಾಯಿ ಇತ್ತು. ಕೂಲಿ ಮಾಡುವ ಮನೆಗೆ ಅದು ಜಾಸ್ತಿಯೇ. ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಉಚಿತವಾಗಿ ಸಿಗುತ್ತದಾ ಅಂತ ವಿಚಾರಿಸಿ.

ಹಾಕಿಸುವ ದಿನ ಮಗಳನ್ನು ಖಾಲಿ ಹೊಟ್ಟೆಯಲ್ಲಿ ಕರೆತರಬೇಡಿ. ಈ ವಯಸ್ಸಿನ ಮಕ್ಕಳಿಗೆ ಸೂಜಿ ಕಂಡರೆ ತಲೆ ಸುತ್ತುವುದುಂಟು. ಇಂಜೆಕ್ಷನ್ ತೋಳಿಗೆ ಕೊಡುತ್ತಾರೆ. ಮುಗಿದ ತಕ್ಷಣ ಎಬ್ಬಿಸಬೇಡಿ, ಕಾಲು ಗಂಟೆ ಅಲ್ಲೇ ಕೂರಿಸಿ. ತೋಳು ನೋಯುವುದು, ಸಣ್ಣ ಜ್ವರ, ಒಂದೆರಡು ದಿನಕ್ಕೆ ಸರಿಹೋಗುತ್ತದೆ.

ಆ ಕಾಲು ಗಂಟೆಯಲ್ಲಿ ಅಮ್ಮನಿಗೂ ಒಂದು ಮಾತು ಹೇಳುತ್ತೇನೆ. ಮೂವತ್ತು ದಾಟಿದ್ದರೆ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಸಿಡ್ ಸವರಿ ಒಂದು ನಿಮಿಷ ಕಾದು ನೋಡುತ್ತಾರೆ. ಬಿಳಿ ಮಚ್ಚೆ ಕಂಡರೆ ಮುಂದಿನ ಪರೀಕ್ಷೆ. ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋದರೆ, ವಾಸನೆಯ ಬಿಳುಪು ಹೋಗುತ್ತಿದ್ದರೆ ತಡ ಮಾಡದೆ ಬನ್ನಿ. ಲಸಿಕೆ ಹಾಕಿಸಿಕೊಂಡ ಮಗಳಿಗೂ ಮೂವತ್ತರ ನಂತರ ಈ ಪರೀಕ್ಷೆ ಬೇಕು, ಯಾಕೆಂದರೆ ಎಚ್‌ಪಿವಿಯ ಎಲ್ಲ ಬಗೆಗಳನ್ನೂ ತಡೆಯುವ ಲಸಿಕೆ ಇನ್ನೂ ಬಂದಿಲ್ಲ.