ಕೇಳದೆ ಬಂದ ಬಟ್ಟಲಿಗೆ ದುಡ್ಡು ಯಾಕೆ?

ಪ್ರಶ್ನೆ: ಟೋಕಿಯೊದಲ್ಲಿ ಒಂದು ಇಜಕಾಯಾಗೆ, ಅಂದರೆ ಕುಡಿಯುತ್ತಾ ತಿನ್ನುವ ಜಪಾನಿ ಬಾರ್‌ಗೆ, ಹೋಗಿದ್ದೆವು. ಕೂತ ಕೂಡಲೇ, ನಾವು ಹೇಳದಿದ್ದರೂ ಎರಡು ಪುಟ್ಟ ಬಟ್ಟಲು ತಿಂಡಿ ತಂದಿಟ್ಟರು. ಬಿಲ್ ನೋಡಿದರೆ ಅದಕ್ಕೂ ತಲಾ 400 ಯೆನ್! ಹೊರಗಿನವರು ಅಂತ ಟೋಪಿ ಹಾಕಿದರಾ?

ಉತ್ತರ: ಟೋಪಿ ಅಲ್ಲ. ಆ ಬಟ್ಟಲಿನ ಹೆಸರು ಓತೋಶಿ. ಒಸಾಕಾ ಕಡೆ ತ್ಸುಕಿದಾಶಿ ಅನ್ನುತ್ತಾರೆ. ಪಕ್ಕದಲ್ಲಿ ಕೂತ ಜಪಾನಿನವರಿಗೂ ಅದು ತಪ್ಪಿದ್ದಲ್ಲ. ಸಾಮಾನ್ಯವಾಗಿ ತಲೆಗೆ 300ರಿಂದ 500 ಯೆನ್.

ನಮ್ಮೂರ ಬಾರ್‌ಗಳಲ್ಲಿ ಬಿಯರ್ ಜೊತೆ ಕಡ್ಲೆಬೀಜವೋ ಸೌತೆಕಾಯಿಯೋ ಸುಮ್ನೆ ಬರುತ್ತದೆ. ಅದಕ್ಕೇ ನಮಗೆ ಇದು ಚುಚ್ಚುವುದು. ಓತೋಶಿ ಒಂಥರಾ ಕೂತ ಜಾಗದ ಬಾಡಿಗೆ, ತಿನ್ನೋ ರೂಪದಲ್ಲಿ. ಟೋಕಿಯೊದ ಶಿಂಜುಕುವಿನಲ್ಲಿರುವ ಒಮೊಯಿದೆ ಯೋಕೊಚೋ ಗಲ್ಲಿಗೆ ಹೋಗಿ ನೋಡಿ. ಎಷ್ಟೋ ಅಂಗಡಿಗಳಲ್ಲಿ ಒಂದು ಕೌಂಟರ್, ಕೆಲವು ಸ್ಟೂಲು, ಅಷ್ಟೇ. ಪಕ್ಕದವರ ಮೊಣಕೈ ನಮ್ಮ ತಟ್ಟೆಗೆ ತಾಗುತ್ತದೆ. ಅಂಥಲ್ಲಿ ಒಂದೇ ಬಿಯರ್ ಹಿಡಿದು ಎರಡು ಗಂಟೆ ಕೂತರೆ ಅಂಗಡಿಯವರಿಗೆ ಗಿಟ್ಟಬೇಕಲ್ವಾ? ಇಜಕಾಯಾ ಅನ್ನೋ ಹೆಸರಲ್ಲೇ ಇದೆ ನೋಡಿ: ‘ಇ’ ಅಂದರೆ ಇರುವುದು, ‘ಸಕಾಯಾ’ ಅಂದರೆ ಸಾಕೆ (ಅಕ್ಕಿಯ ಮದ್ಯ) ಮಾರುವ ಅಂಗಡಿ. ಜಪಾನಿನ ಎದೋ ಕಾಲದಲ್ಲಿ (1603–1868) ಸಾಕೆ ಕೊಳ್ಳಲು ಬಂದವರು ಅಲ್ಲೇ ಕೂತು ಕುಡಿಯತೊಡಗಿದರು. ಇಜಕಾಯಾ ಹುಟ್ಟಿದ್ದೇ ಹಾಗೆ. ಅಂದಹಾಗೆ, ಅಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲ. ಅದನ್ನೂ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ಉಪಯೋಗವೂ ಇದೆ. ಅಲ್ಲಿ ಕೂತವರು ಮೊದಲು ಹೇಳೋದು ‘ತೊರಿಯಾಎಜು ಬೀರು’, ಅಂದರೆ ಸದ್ಯಕ್ಕೆ ಬಿಯರ್ ಕೊಡಿ ಅಂತ. ಬಿಯರ್ ನಿಮಿಷದಲ್ಲಿ ಬರುತ್ತದೆ. ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಕೋಳಿ ತುಂಡು, ಯಾಕಿತೋರಿ, ಅಷ್ಟು ಬೇಗ ಬರಲ್ಲ. ಅಲ್ಲಿವರೆಗೆ ಬಾಯಾಡಿಸಲು ಈ ಬಟ್ಟಲು. ಆಲೂಗಡ್ಡೆ ಸಲಾಡ್, ಬೇಯಿಸಿದ ಪಾಲಕ್, ತಣ್ಣನೆ ತೋಫು, ಇಲ್ಲಾ ಚಾಪ್‌ಸ್ಟಿಕ್ ಚುಚ್ಚಿದರೆ ಬೆಣ್ಣೆಯಂತೆ ಸೀಳುವ ಮೂಲಂಗಿ. ಅವತ್ತು ಏನು ಅನ್ನೋದು ಅಡುಗೆಯವರ ಇಷ್ಟ. ನನ್ನ ಕೇಳಿದರೆ ಅವರ ಕೈಗುಣ ಇಲ್ಲೇ ಗೊತ್ತಾಗುತ್ತದೆ. ಮೂಲಂಗಿ ಚೆನ್ನಾಗಿದ್ದರೆ ಧೈರ್ಯವಾಗಿ ಇನ್ನೂ ನಾಲ್ಕು ಐಟಂ ಹೇಳಿ. ಪ್ಯಾಕೆಟ್ ಒಡೆದು ಸುರಿದದ್ದು ಬಂದರೆ ಬಿಯರ್ ಮುಗಿಸಿ ಎದ್ದುಬಿಡಿ.

ಸಸ್ಯಾಹಾರಿಗಳು ಮಾತ್ರ ಹುಷಾರು. ಪಾಲಕ್ ಮೇಲೆ ಮರದ ಹೆರೆಯಂಥ ತೆಳ್ಳನೆ ಎಸಳು ಉದುರಿಸಿದ್ದರೆ ಅದು ಕತ್ಸುವೊಬುಶಿ, ಒಣಮೀನು. ಮೇಲೆ ಏನೂ ಕಾಣದಿದ್ದರೂ ಬೇಯಿಸಿದ ದಾಶಿ ನೀರಲ್ಲಿ ಅದೇ ಮೀನಿನ ಸಾರ ಇರುವುದು ಜಾಸ್ತಿ.

ಬೇಡ ಅನ್ನಬಹುದಾ? ಕೆಲವು ದೊಡ್ಡ ಚೈನ್‌ಗಳಲ್ಲಿ ‘ಓತೋಶಿ ನಾಶಿದೆ’ (ಓತೋಶಿ ಬೇಡ) ಎಂದು ಹೇಳಿದರೆ ಒಪ್ಪುತ್ತಾರೆ. ಗಲ್ಲಿಯ ಪುಟ್ಟ ಅಂಗಡಿಯಲ್ಲಿ ಆ ಆಸೆ ಬಿಡಿ. ಎಲ್ಲಾದರೂ ಸರಿ, ಕೂರುವಾಗಲೇ ಹೇಳಬೇಕು. ಒಂದು ತುತ್ತು ಬಾಯಿಗೆ ಹೋಯಿತೋ, 400 ಯೆನ್ ಕೊಡಲೇಬೇಕು.